ಅಕ್ಷರವೋ, ಅಕ್ಷರದ ಚಿತ್ರವೋ?

ನಮ್ಮ ವಿಮರ್ಶೆಯಲ್ಲಿ ‘ಓದುಗ’ ಎಂಬ ಪದ ಬರದ ಪುಟವಿಲ್ಲ. ಆ ಓದುಗನ ಜಾತಿ, ವರ್ಗ, ಲಿಂಗ, ಪ್ರದೇಶಗಳ ಬಗ್ಗೆ ಕಳೆದ ನಾಲ್ಕೈದು ದಶಕಗಳಲ್ಲಿ ಸಾಕಷ್ಟು ಚರ್ಚೆ ನಡೆದಿದೆ. ನಡೆಯಬೇಕಾದದ್ದೇ. ಆದರೆ ಅವನಿಗೆ ಎರಡು ಕಣ್ಣುಗಳಿವೆ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಿದಂತಿಲ್ಲ. ಹೇಳುವ ಅಗತ್ಯವೇ ಬಿದ್ದಿಲ್ಲ. ಈ ವಿಷಯದಲ್ಲಿ ಕಾವ್ಯಮೀಮಾಂಸೆಯ ‘ಸಹೃದಯ’ನೇ ವಾಸಿ. ಅವನಿಗೆ ಬೇಕಾದದ್ದು ಹೃದಯ ಮಾತ್ರ.

ನಾನು ಕಿವಿಯಿಂದ ಓದುವವಳು. ಕಂಪ್ಯೂಟರಿನ ಪರದೆಯ ಮೇಲಿರುವ ಬರಹವನ್ನು ದನಿಯಾಗಿಸುವ ಸ್ಕ್ರೀನ್ ರೀಡರ್ ಎಂಬ ತಂತ್ರಾಂಶ ಬಳಸಿ, ಷಟ್ಪದಿ ಕಾವ್ಯಗಳ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ. ಪ್ರತಿ ವರ್ಷ ಡಿಸೆಂಬರ್ 3ರಂದು ಪತ್ರಿಕೆಗಳಲ್ಲಿ ಬರುವ ‘ಕತ್ತಲೆಯನ್ನು ಗೆದ್ದವರು’ ಮಾದರಿಯ ಬರಹವನ್ನು ನಿರೀಕ್ಷಿಸಿ ಬಂದವರಿಗೆ ಇಲ್ಲಿ ನಿರಾಸೆಯಾದೀತು. ನನ್ನ ಆಸಕ್ತಿ ಬೇರೆ. ಸ್ಕ್ರೀನ್ ರೀಡರನ್ನು ಒಂದು ಸಹಾಯಕ ಸಾಧನವೆಂದು ಬದಿಗಿಡದೆ ಒಂದು ಓದಿನ ಕ್ರಮವೆಂದು ತೆಗೆದುಕೊಂಡರೆ, ನಾವು ‘ಡಿಜಿಟಲ್ ಕನ್ನಡ’ ಎಂದು ಹೆಮ್ಮೆಪಡುವುದರ ಒಂದು ದೊಡ್ಡ ಭಾಗ ಪಠ್ಯವೇ ಅಲ್ಲ, ಪಠ್ಯದ ಚಿತ್ರ ಎಂಬುದು ತಿಳಿಯುತ್ತದೆ. ಇದು ಅಂಧರ ಸಮಸ್ಯೆ ಎನ್ನುವುದಕ್ಕಿಂತ ನಮ್ಮ ಗ್ರಂಥ ಸಂಪಾದನೆಯ, ಪ್ರಕಾಶನದ, ಕೊನೆಗೆ ವಿಮರ್ಶೆಯ ಸಮಸ್ಯೆ.

ಮೊದಲು ಈ ಓದುಗ-ಯಂತ್ರದ ಪರಿಚಯ. 1989ರಲ್ಲಿ ಅಮೆರಿಕದಲ್ಲಿ ಬಂದ ಜಾಸ್ ಎಂಬ ತಂತ್ರಾಂಶವನ್ನು ರೂಪಿಸಿದ ಟೆಡ್ ಹೆಂಟರ್ ಅಪಘಾತದಲ್ಲಿ ದೃಷ್ಟಿ ಕಳೆದುಕೊಂಡವರು. ಜಾಸ್ ಒಳ್ಳೆಯ ತಂತ್ರಾಂಶ. ಬೆಲೆ ಮಾತ್ರ ನಮ್ಮಂಥ ವಿದ್ಯಾರ್ಥಿಗಳ ಕೈಗೆ ಎಟುಕುವಂಥದ್ದಲ್ಲ. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಎಂಬ ಯುವಕ ಎನ್‌ವಿಡಿಎ ಎಂಬ ಉಚಿತ, ಮುಕ್ತ ತಂತ್ರಾಂಶ ಬರೆಯತೊಡಗಿದರು. ಜೊತೆಗೂಡಿದ ಜೇಮ್ಸ್ ಟೇ ಅವರ ಹಳೆಯ ಗೆಳೆಯ, ಇಬ್ಬರೂ ಅಂಧರು. ಕಣ್ಣಿದ್ದವರಿಗಿಂತ ಹೆಚ್ಚು ಹಣ ಕೊಟ್ಟು ಕಂಪ್ಯೂಟರ್ ಬಳಸುವ ಸ್ಥಿತಿ ಇರಬಾರದು ಎಂಬುದು ಅವರ ನಿಲುವು. ಓದುಗರೇ ಕಟ್ಟಿಕೊಂಡ ಓದುಗ ಇದು. ಇವತ್ತು ನಮ್ಮಲ್ಲಿ ಪದವಿ ತರಗತಿಗಳಲ್ಲಿರುವ ಅಂಧ ವಿದ್ಯಾರ್ಥಿಗಳ ಲ್ಯಾಪ್‌ಟಾಪ್‌ಗಳಲ್ಲಿ ನಾನು ಹೆಚ್ಚಾಗಿ ಕೇಳುವುದು ಇದನ್ನೇ.

ಎನ್‌ವಿಡಿಎ ಜೊತೆಗೇ ಬರುವ ದನಿಯ ಹೆಸರು ಈ-ಸ್ಪೀಕ್. ಜೊನಾಥನ್ ಡಡಿಂಗ್ಟನ್ ಎಂಬವರು 1995ರಲ್ಲಿ ಏಕಾರ್ನ್ ಕಂಪ್ಯೂಟರಿಗಾಗಿ ಬರೆದ ಪುಟ್ಟ ತಂತ್ರಾಂಶದಿಂದ ಬೆಳೆದದ್ದು. ಮನುಷ್ಯರ ಕಂಠವನ್ನು ಮುದ್ರಿಸಿಕೊಂಡು ತುಂಡರಿಸಿ ಜೋಡಿಸಿದ ದನಿಯಲ್ಲ ಇದು; ನಿಯಮಗಳ ಪ್ರಕಾರ ಸ್ವರದ ಅಲೆಗಳನ್ನು ಆಗಿಂದಾಗ್ಗೆ ಹುಟ್ಟಿಸುವಂಥದ್ದು. ಮೊದಲ ಬಾರಿ ಕೇಳಿದವರು ಮುಖ ಕಿವುಚುತ್ತಾರೆ. ಮೂಗಿನಲ್ಲಿ ಮಾತಾಡುವ, ಭಾವವಿಲ್ಲದ, ತಗಡು ಬಡಿದಂಥ ದನಿ. ನಾನು ಮಾತ್ರ ವಿಮರ್ಶೆಯ ಓದಿಗೆ ಇದನ್ನೇ ಆರಿಸಿಕೊಳ್ಳುತ್ತೇನೆ. ಏಕೆಂದು ಹೇಳಬೇಕು.

ಬಿ.ಎ.ಯಲ್ಲಿ ನನಗೆ ಪುಸ್ತಕ ಓದಿ ಹೇಳುತ್ತಿದ್ದ ಗೆಳತಿ ದುಃಖದ ಸನ್ನಿವೇಶ ಬಂದಾಗ ದನಿ ತಗ್ಗಿಸುತ್ತಿದ್ದಳು. ಅವಳ ಪ್ರೀತಿಗೆ ಇವತ್ತಿಗೂ ಋಣಿ. ಆದರೆ ಅಲ್ಲಿ ದುಃಖವಿದೆಯೋ, ದುಃಖದ ನಟನೆಯಿದೆಯೋ ಎಂಬ ತೀರ್ಮಾನ ನನಗಿಂತ ಮೊದಲೇ ಅವಳ ಗಂಟಲಲ್ಲಿ ಆಗಿಹೋಗಿರುತ್ತಿತ್ತು. ಗಮಕದಲ್ಲೂ ಹೀಗೆಯೇ. ಶಿವಮೊಗ್ಗದ ಹೊಸಹಳ್ಳಿಯ ಗಮಕಿಗಳಿಂದ ಕುಮಾರವ್ಯಾಸನನ್ನು ಕೇಳುವುದು ದೊಡ್ಡ ಸುಖ. ಆದರೆ ಗಮಕಿ ರಾಗ ಆರಿಸಿದ ಕ್ಷಣವೇ ವ್ಯಾಖ್ಯಾನಕಾರ. ಪದವನ್ನು ಎಲ್ಲಿ ಒಡೆಯಬೇಕು, ಸಾಲಿನ ಕೊನೆಯನ್ನು ದಾಟಿ ಹೋಗುವ ಮಾತನ್ನು ಎಲ್ಲಿ ನಿಲ್ಲಿಸಬೇಕು ಎಂಬುದನ್ನೆಲ್ಲ ಅವರು ಅರ್ಥ ತಿಳಿದು ನಿರ್ಧರಿಸುತ್ತಾರೆ. ಯಂತ್ರಕ್ಕೆ ಅರ್ಥ ಗೊತ್ತಿಲ್ಲ. ಅದು ಜಾಗ ಬಿಟ್ಟಲ್ಲಿ ಬಿಡುತ್ತದೆ, ಕೂಡಿಸಿದಲ್ಲಿ ಕೂಡಿಸುತ್ತದೆ. ಹಾಗಾಗಿ ಅಚ್ಚಾದ ಕಾವ್ಯದಲ್ಲಿ ಸಂಧಿ ಬಿಡಿಸಿದ್ದು ಯಾರು, ಎಲ್ಲೆಲ್ಲಿ ಬಿಡಿಸಿದ್ದಾರೆ ಎಂಬುದು ಆ ತಗಡು ದನಿಯಲ್ಲಿ ಎದ್ದು ಕೇಳಿಸುತ್ತದೆ. ನನ್ನ ಕಿವಿಗೆ ಬೀಳುವುದು ಕವಿಯ ದನಿಗಿಂತ ಹೆಚ್ಚಾಗಿ ಸಂಪಾದಕರ ದನಿ! ಸಂಶೋಧನೆಗೆ ಇದು ಲಾಭವೇ.

ಈಚೆಗೆ ಬಂದಿರುವ ಕನ್ನಡದ ‘ಸಹಜ’ ದನಿಗಳು ನಿಜಕ್ಕೂ ಇಂಪಾಗಿವೆ. ಕಾದಂಬರಿಯನ್ನು ಮಲಗಿಕೊಂಡು ಕೇಳುವುದಕ್ಕೆ ನನಗೂ ಅವೇ ಬೇಕು. ಆದರೆ ಅವು ತಪ್ಪಾಗಿ ಅಚ್ಚಾದ ಪದವನ್ನೂ ಸರಿಯಾದ ಪದದಷ್ಟೇ ನಂಬುಗೆಯಿಂದ ಹೇಳಿಬಿಡುತ್ತವೆ. ವೇಗ ಹೆಚ್ಚಿಸಿದರೆ ಅಕ್ಷರಗಳು ಒಂದರೊಳಗೊಂದು ಕಲಸಿಹೋಗುತ್ತವೆ. ವರ್ಷಗಟ್ಟಲೆ ಸ್ಕ್ರೀನ್ ರೀಡರ್ ಬಳಸಿದವರು ಮಾತಿನ ವೇಗದ ಎರಡು ಮೂರು ಪಟ್ಟಿನಲ್ಲಿ ಕೇಳುತ್ತಾರೆ. ಪಕ್ಕದಲ್ಲಿ ಕೂತವರಿಗೆ ಅದು ಕಾಳು ಹುರಿದ ಸದ್ದು. ಆ ವೇಗದಲ್ಲೂ ಹ್ರಸ್ವ ದೀರ್ಘಗಳು ಬೇರೆಬೇರೆಯಾಗಿ ಕೇಳುವುದು ಈ-ಸ್ಪೀಕ್‌ನಲ್ಲಿ. ಇನ್ನೊಂದು ಮಾತು: ಅದಕ್ಕೆ ಶಿಷ್ಟ ಭಾಷೆ, ಆಡುಮಾತು ಎಂಬ ಭೇದವಿಲ್ಲ. ಬರೆದದ್ದನ್ನು ಬರೆದಂತೆ ಓದುತ್ತದೆ. ದೇವನೂರ ಮಹಾದೇವರ ‘ಕುಸುಮಬಾಲೆ’ಯ ನಂಜನಗೂಡು ಸೀಮೆಯ ಮಾತು ಪುಸ್ತಕದ ಕನ್ನಡಕ್ಕೆ ಪಳಗಿದ ಕಣ್ಣನ್ನು ತಡವರಿಸುವಂತೆ ಮಾಡುತ್ತದೆ ಎಂದು ತರಗತಿಯಲ್ಲಿ ಕೇಳಿದ್ದೇನೆ. ಕಿವಿಗೆ ಆ ಕಷ್ಟವಿಲ್ಲ.

ಇಷ್ಟೆಲ್ಲ ಸಾಧ್ಯವಾಗುವುದು ಯಂತ್ರದ ಮುಂದೆ ಅಕ್ಷರ ಇದ್ದಾಗ. ಇಲ್ಲಿಂದ ತೊಡಕು ಶುರು.

‘ಕನ್ನಡ’ ಎಂಬ ಪದವನ್ನು ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ, ಸ್ಕ್ರೀನ್ ರೀಡರ್ ಮುಂದೆ ಇಟ್ಟರೆ ಅದು ಓದುವುದು ಹೀಗೆ: ಪಿ, ತಲೆಯ ಮೇಲೆ ಗೀಟಿರುವ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಗೀಟಿನ ಎ, ಜರ್ಮನ್ ಭಾಷೆಯ ಒಂದು ಎಸ್, ಕ್ಯೂ, ಮತ್ತೊಮ್ಮೆ ಗೀಟಿನ ಎ. ಇದು ಯಂತ್ರದ ಹುಚ್ಚಲ್ಲ. ಕಡತದಲ್ಲಿ ನಿಜವಾಗಿಯೂ ಇರುವುದು ಅದೇ. ‘ಪಿ’ ಇರಬೇಕಾದ ಜಾಗದಲ್ಲಿ ತಲೆಕಟ್ಟಿಲ್ಲದ ಕಕಾರದ ಆಕಾರ ಬರೆದಿಟ್ಟಿದ್ದಾರೆ. ಗೀಟಿನ ಎ ಎಂದರೆ ತಲೆಕಟ್ಟು. ಜರ್ಮನ್ ಎಸ್ ಎಂದರೆ ನಕಾರದ ಒತ್ತು. ಫಾಂಟ್ ಇದ್ದಾಗ ಕಣ್ಣಿಗೆ ಕನ್ನಡ, ಫಾಂಟ್ ತೆಗೆದರೆ ಕಸ.

ಇದಕ್ಕಾಗಿ ನುಡಿಯನ್ನೋ ಬರಹವನ್ನೋ ಬೈಯುವುದು ಕೃತಘ್ನತೆಯಾದೀತು. ಶೇಷಾದ್ರಿವಾಸು ಅವರ ಬರಹ 1998ರಲ್ಲಿ ಬಂದಾಗ, ಅದರ ಬೆನ್ನಿಗೆ ಕನ್ನಡ ಗಣಕ ಪರಿಷತ್ತು ನುಡಿಯನ್ನು ರೂಪಿಸಿದಾಗ, ಸಾಮಾನ್ಯ ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸಲು ಬೇರೆ ದಾರಿ ಇರಲಿಲ್ಲ. ಯೂನಿಕೋಡ್ ಸಂಕೇತಗಳ ಪಟ್ಟಿಯಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ ಅದನ್ನು ತೋರಿಸಬಲ್ಲ ವ್ಯವಸ್ಥೆ ಜನರ ಕೈಗೆ ಬರಲು ವರ್ಷಗಳು ಹಿಡಿದವು. ಈಗ ಈ ಎರಡೂ ತಂತ್ರಾಂಶಗಳು ಯೂನಿಕೋಡ್‌ನಲ್ಲೂ ಬರೆಯುತ್ತವೆ. ನನ್ನ ತಕರಾರು ದಾರಿ ಸಿಕ್ಕ ಮೇಲೂ ಹಳೆಯ ಓಣಿಯಲ್ಲೇ ಓಡಾಡುತ್ತಿರುವ ನಮ್ಮ ಡಿಟಿಪಿ ಕೇಂದ್ರಗಳ, ಪ್ರಕಾಶಕರ, ಪಠ್ಯ ತಯಾರಿಸುವ ಸಂಸ್ಥೆಗಳ ಬಗ್ಗೆ. ಪೇಜ್‌ಮೇಕರ್ ಎಂಬ ಪುಟವಿನ್ಯಾಸದ ತಂತ್ರಾಂಶದ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ಕನ್ನಡ ಗೊತ್ತಿಲ್ಲ. ಅದರಲ್ಲೇ ಪುಟ ಕಟ್ಟುವ ಕೈಗಳು ಇವತ್ತಿಗೂ ಇವೆ.

ಇದರಲ್ಲಿ ತಾಂತ್ರಿಕತೆಗಿಂತ ಹೆಚ್ಚಿನದೊಂದಿದೆ. ಹಳೆಯ ಫಾಂಟುಗಳು ಅಕ್ಷರವನ್ನು ಕಣ್ಣು ಕಂಡಂತೆ ಶೇಖರಿಸುತ್ತವೆ; ಯೂನಿಕೋಡ್ ಬಾಯಿ ನುಡಿದಂತೆ ಶೇಖರಿಸುತ್ತದೆ. ‘ಅರ್ಕ’ ಎಂದು ಬರೆಯುವಾಗ ಅರ್ಕಾವೊತ್ತು ಕಕಾರದ ಬಲಕ್ಕೆ ಬಂದು ಕೂರುತ್ತದೆ. ಹಳೆಯ ಫಾಂಟಿನ ಕಡತದಲ್ಲೂ ಅದು ಕಕಾರದ ನಂತರವೇ. ನುಡಿಯುವಾಗ ಮಾತ್ರ ರಕಾರ ಮೊದಲು. ಯೂನಿಕೋಡ್‌ನಲ್ಲೂ ರಕಾರ ಮೊದಲು. ‘ಸ್ತ್ರೀ’ ಎಂಬುದು ಕಣ್ಣಿಗೆ ಒಂದು ಗೊಂಚಲು. ಯೂನಿಕೋಡ್‌ನಲ್ಲಿ ಅದು ಸ, ಹಲಂತ, ತ, ಹಲಂತ, ರ, ಈ ಎಂಬ ಆರು ಚಿಹ್ನೆಗಳ ಸಾಲು, ನಾಲಿಗೆ ಚಲಿಸಿದ ಕ್ರಮದಲ್ಲೇ. ಮೌಖಿಕ ಪರಂಪರೆಯ ಬಗ್ಗೆ ಇಷ್ಟೊಂದು ಬರೆದಿರುವ ನಾವು, ನಮ್ಮ ಬರಹದ ಸಂಕೇತವೇ ಉಚ್ಚಾರಣೆಯ ಕ್ರಮಕ್ಕೆ ಮರಳಿದ್ದನ್ನು ಗಮನಿಸಲೇ ಇಲ್ಲ. ಓದು ಕಲಿಯದವರೂ ಕಾವ್ಯದಲ್ಲಿ ನುರಿತವರು ಎಂದು ಕನ್ನಡಿಗರನ್ನು ಹೊಗಳುವ ‘ಕವಿರಾಜಮಾರ್ಗ’ದ ಮಾತನ್ನು ಪ್ರತಿ ಸೆಮಿನಾರಿನಲ್ಲೂ ಕೇಳುತ್ತೇನೆ. ಅದೇ ಸೆಮಿನಾರಿನ ಪ್ರಬಂಧಗಳ ಸಂಪುಟ ಆಮೇಲೆ ಪೌಂಡ್ ಚಿಹ್ನೆಗಳ ರಾಶಿಯಾಗಿ ನನ್ನ ಇಮೇಲಿಗೆ ಬರುತ್ತದೆ.

ಹಳೆಯ ಕಡತಗಳನ್ನು ಯೂನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳು ಇವೆ, ನಿಜ. ಆದರೆ ಒತ್ತಕ್ಷರ, ಅರ್ಕಾವೊತ್ತುಗಳಲ್ಲಿ ಎಡವುತ್ತವೆ. ಇನ್ನೂ ತಮಾಷೆಯ ಸಂಗತಿ ಎಂದರೆ, ಇಂಗ್ಲಿಷಿನ ಪಿ ಅಕ್ಷರಕ್ಕೂ ಕನ್ನಡದ ಕಕಾರದ ತುಣುಕಿಗೂ ಕಡತದಲ್ಲಿ ಒಂದೇ ಸಂಖ್ಯೆ. ಹಾಗಾಗಿ ವಿಮರ್ಶಾ ಲೇಖನದ ನಡುವೆ ಎಲಿಯಟ್‌ನ ಹೆಸರನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದಿದ್ದರೆ, ಪರಿವರ್ತನೆಯಾದ ಮೇಲೆ ಅವನು ಯಾವ ಭಾಷೆಗೂ ಸೇರದ ಒತ್ತುಗಳ ಗುಡ್ಡೆಯಾಗುತ್ತಾನೆ. ನವ್ಯ ವಿಮರ್ಶೆಯ ಲೇಖನಗಳಲ್ಲಿ ಇಂಥ ಗುಡ್ಡೆಗಳು ಎಷ್ಟು ಸಿಗಬಹುದು ಎಂಬುದನ್ನು ಓದುಗರೇ ಊಹಿಸಬಹುದು.

ಇನ್ನು ಸ್ಕ್ಯಾನ್ ಮಾಡಿದ ಪುಸ್ತಕಗಳು. ಇಂಟರ್ನೆಟ್ ಆರ್ಕೈವ್‌ನಲ್ಲಿ ಸಾವಿರಾರು ಕನ್ನಡ ಪುಸ್ತಕಗಳ ಪುಟಗಳು ಇವೆ. ಇದು ದೊಡ್ಡ ಉಪಕಾರ. ಆದರೆ ಪುಟದ ಫೋಟೊ ಪುಟವಲ್ಲ. ಸ್ಕ್ರೀನ್ ರೀಡರ್ ಅದನ್ನು ಖಾಲಿ ಎನ್ನುತ್ತದೆ. ಫೋಟೊದಿಂದ ಅಕ್ಷರ ಗುರುತಿಸುವ ಓಸಿಆರ್ ತಂತ್ರಾಂಶ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ‘ಲಿಪಿ ಜ್ಞಾನಿ’, ಮುಕ್ತ ತಂತ್ರಾಂಶವಾದ ಟೆಸರಾಕ್ಟ್, ಗೂಗಲ್‌ನ ವ್ಯವಸ್ಥೆ ಇವೆಲ್ಲ ಕನ್ನಡವನ್ನು ಗುರುತಿಸುತ್ತವೆ. ಹತ್ತು ವರ್ಷಗಳ ಹಿಂದೆ ಯೋಚಿಸಲೂ ಆಗದಷ್ಟು ಚೆನ್ನಾಗಿ ಗುರುತಿಸುತ್ತವೆ ಎಂದು ನನ್ನ ಹಿರಿಯ ಅಂಧ ಗೆಳೆಯರು ಹೇಳುತ್ತಾರೆ. ಆದರೂ ಹಳೆಯ ಮೊಳೆ ಅಚ್ಚಿನಲ್ಲಿ ಮಹಾಪ್ರಾಣದ ಸಣ್ಣ ಸೀಳು ಮಸಿಯಲ್ಲಿ ಮುಚ್ಚಿಹೋಗಿರುತ್ತದೆ, ಧಕಾರ ದಕಾರವಾಗುತ್ತದೆ. ಗುಡಿಸಿನ ದೀರ್ಘದ ಬಾಲ ಕಳಚಿ ಬೀಳುತ್ತದೆ, ‘ಈ’ಕಾರ ‘ಇ’ಕಾರವಾಗುತ್ತದೆ.

ಗದ್ಯದಲ್ಲಿ ಇಂಥ ತಪ್ಪುಗಳನ್ನು ಅರ್ಥದಿಂದ ಊಹಿಸಿಕೊಳ್ಳಬೇಕು. ಷಟ್ಪದಿಯಲ್ಲಿ ಕಿವಿಗೆ ಇನ್ನೆರಡು ಊರುಗೋಲುಗಳಿವೆ. ಭಾಮಿನಿಯಲ್ಲಿ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ ಮೂರು-ನಾಲ್ಕು, ಮೂರು-ನಾಲ್ಕು ಎಂಬ ನಡೆಯಲ್ಲಿ ಹದಿನಾಲ್ಕು ಮಾತ್ರೆ. ಮೂರು ಮತ್ತು ಆರನೆಯ ಸಾಲುಗಳಿಗೆ ಅದೇ ನಡೆ ಮೂರು ಬಾರಿ ಬಂದು ಕೊನೆಗೊಂದು ಗುರು. ದೀರ್ಘವೊಂದು ಬಿದ್ದುಹೋದರೆ ಒಂದು ಮಾತ್ರೆ ಕಡಿಮೆ. ಆ ತಗಡು ದನಿಯಲ್ಲೂ ಸಾಲು ಕುಂಟುತ್ತದೆ. ಇನ್ನು ಆದಿಪ್ರಾಸ. ಆರೂ ಸಾಲುಗಳ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಇರಬೇಕು. ಐದು ಸಾಲುಗಳಲ್ಲಿ ಧಕಾರ ಕೇಳಿ ಆರನೆಯದರಲ್ಲಿ ದಕಾರ ಕೇಳಿದರೆ ಅದು ಕವಿಯ ಕೆಲಸವಲ್ಲ, ಮಸಿಯ ಕೆಲಸ ಎಂದು ತಕ್ಷಣ ಗೊತ್ತಾಗುತ್ತದೆ. ಛಂದಸ್ಸನ್ನು ನಮ್ಮ ತರಗತಿಗಳಲ್ಲಿ ಪ್ರಸ್ತಾರ ಹಾಕಿ ಅಂಕ ಗಳಿಸುವ ಒಣ ವಿಷಯವನ್ನಾಗಿ ಮಾಡಿಟ್ಟಿದ್ದಾರೆ. ಅದು ಕರಡು ತಿದ್ದುವ ಉಪಕರಣ ಎಂಬುದನ್ನು ನನಗೆ ಕಲಿಸಿದ್ದು ಯಾವ ಪಠ್ಯಪುಸ್ತಕವೂ ಅಲ್ಲ, ಓಸಿಆರ್‌ನ ತಪ್ಪುಗಳು. ಓಲೆಗರಿಯಿಂದ ಓಲೆಗರಿಗೆ ನಕಲಾಗುತ್ತಿದ್ದ ಕಾಲದಲ್ಲೂ ಕಾವ್ಯವನ್ನು ಹೀಗೆಯೇ ಕಾಯುತ್ತಿದ್ದಿರಬೇಕು ಎಂದು ನನ್ನ ಊಹೆ.

ಹಳಗನ್ನಡದ ಕಷ್ಟ ಬೇರೆ. ಱ ಮತ್ತು ೞ ಎರಡಕ್ಕೂ ಯೂನಿಕೋಡ್‌ನಲ್ಲಿ ಜಾಗವಿದೆ. ಆದರೆ ೞ ಅಕ್ಷರಕ್ಕೆ ಆ ಪಟ್ಟಿಯಲ್ಲಿ ಕೊಟ್ಟ ಇಂಗ್ಲಿಷ್ ಹೆಸರು ‘ಫ’. ಹೌದು, ಫ! ಯಾರೋ ತಪ್ಪು ಮಾಡಿದ್ದು ಅಚ್ಚಾಗಿಹೋಯಿತು. ಒಮ್ಮೆ ಇಟ್ಟ ಹೆಸರನ್ನು ಎಂದಿಗೂ ಬದಲಿಸಬಾರದು ಎಂಬುದು ಯೂನಿಕೋಡ್‌ನ ನಿಯಮ, ಆದ್ದರಿಂದ ಪಕ್ಕದಲ್ಲಿ ತಿದ್ದುಪಡಿಯ ಹೆಸರೊಂದನ್ನು ಸೇರಿಸಿ ಸುಮ್ಮನಾಗಿದ್ದಾರೆ. ಪಂಪನ ಅಕ್ಷರವೊಂದು ಜಗತ್ತಿನ ಕಂಪ್ಯೂಟರುಗಳಲ್ಲೆಲ್ಲ ತನ್ನದಲ್ಲದ ಹೆಸರು ಹೊತ್ತುಕೊಂಡು ತಿರುಗುತ್ತಿದೆ. ಹಳಗನ್ನಡದ ಪಂಡಿತರು ಆ ಪಟ್ಟಿಯನ್ನು ಸಕಾಲದಲ್ಲಿ ನೋಡಿದ್ದರೆ ಇದು ಆಗುತ್ತಿರಲಿಲ್ಲ. ನೋಡಲಿಲ್ಲ, ಏಕೆಂದರೆ ‘ಅದು ಕಂಪ್ಯೂಟರಿನವರ ಕೆಲಸ’.

ಇದೇ ಧೋರಣೆಯ ಚಿಕ್ಕ ರೂಪ ಸೊನ್ನೆಯ ಕಥೆ. ಯೂನಿಕೋಡ್‌ನಲ್ಲಿ ಬರೆಯುವವರೂ ಅನುಸ್ವಾರದ ಜಾಗದಲ್ಲಿ ಕನ್ನಡದ ಅಂಕಿ ಸೊನ್ನೆಯನ್ನು ಒತ್ತುವುದುಂಟು. ಕಣ್ಣಿಗೆ ಎರಡೂ ಒಂದೇ ಉರುಟು. ಕಿವಿಗೆ ಮಾತ್ರ ‘ಸಂಸ್ಕೃತಿ’ಯ ನಡುವೆ ‘ಸೊನ್ನೆ’ ಎಂದು ಕೇಳುತ್ತದೆ. ನಗು ಬರುತ್ತದೆ ಎನ್ನುವುದು ಬೇರೆ. ಆ ಪದವನ್ನು ಹುಡುಕಿದರೆ ಕಣ್ಣಿದ್ದವರಿಗೂ ಸಿಗುವುದಿಲ್ಲ. ವಚನಗಳನ್ನು ಯೂನಿಕೋಡ್‌ನಲ್ಲಿ ಹುಡುಕಲು ಬರುವಂತೆ ಮಾಡಿದ ‘ವಚನ ಸಂಚಯ’ವನ್ನು ಎಷ್ಟು ಸಂಶೋಧಕರು ಬಳಸುತ್ತಿದ್ದಾರೆಂದು ನೋಡಿದರೆ ಸಾಕು, ಕಿವಿಗೆ ಸರಿಯಾದ ಪಠ್ಯ ಎಲ್ಲರಿಗೂ ಸರಿಯಾದ ಪಠ್ಯವೇ ಎಂಬುದು ತಿಳಿಯುತ್ತದೆ.

ಸಮಕಾಲೀನ ಕಾವ್ಯದ ಪಾಡು ನೋಡಿದರೆ ಕುಮಾರವ್ಯಾಸನೇ ಹೆಚ್ಚು ಹತ್ತಿರದವನು ಅನ್ನಿಸುತ್ತದೆ. ನನ್ನ ಓರಗೆಯ ಕವಿಗಳು ಕವಿತೆಯನ್ನು ಸೂರ್ಯಾಸ್ತದ ಫೋಟೊ ಮೇಲೆ ಅಂಟಿಸಿ ವಾಟ್ಸಾಪಿನಲ್ಲಿ, ಇನ್‌ಸ್ಟಾಗ್ರಾಮಿನಲ್ಲಿ ಹಂಚುತ್ತಾರೆ. ಫೋನಿನ ಟಾಕ್‌ಬ್ಯಾಕ್ ಅದನ್ನು ಮುಟ್ಟಿ ‘ಚಿತ್ರ’ ಎಂದಷ್ಟೇ ಹೇಳುತ್ತದೆ. ಕೆಳಗೆ ಐವತ್ತು ಜನ ‘ಅದ್ಭುತ ಸಾಲುಗಳು’ ಎಂದು ಬರೆದದ್ದು ಮಾತ್ರ ಸ್ಪಷ್ಟವಾಗಿ ಕೇಳುತ್ತದೆ. ಕವಿತೆಯಿಲ್ಲದ ಪ್ರಶಂಸೆಯನ್ನು ಓದುವ ಈ ಅನುಭವ ವಿಮರ್ಶಕರಾಗುವವರಿಗೆ ಒಳ್ಳೆಯ ತರಬೇತಿ ಎಂದು ಕೆಲವೊಮ್ಮೆ ನನ್ನನ್ನೇ ಸಮಾಧಾನ ಮಾಡಿಕೊಳ್ಳುತ್ತೇನೆ. ಪಿಡಿಎಫ್ ಕಾದಂಬರಿಗಳಲ್ಲಿ ಇನ್ನೊಂದು ಬಗೆ. ಪ್ರತಿ ಸಾಲಿನ ಕೊನೆಯಲ್ಲೂ ಸಾಲು ಮುರಿದಿದ್ದರೆ ಗದ್ಯವೆಲ್ಲ ನವ್ಯ ಕವಿತೆಯ ಹಾಗೆ ನಿಂತು ನಿಂತು ಬರುತ್ತದೆ. ಪುಟದ ನೆತ್ತಿಯ ಮೇಲಿನ ಲೇಖಕರ ಹೆಸರು, ಪುಟಸಂಖ್ಯೆ ವಾಕ್ಯದ ನಡುವೆ ನುಗ್ಗುತ್ತವೆ. ತಾಯಿ ಸಾಯುವ ದೃಶ್ಯದ ಮಧ್ಯೆ ಕಾದಂಬರಿಕಾರರು ಸ್ವತಃ ಬಂದು ‘ನೂರ ನಲವತ್ತೆರಡು’ ಎಂದು ಹೇಳಿ ಹೋದರೆ ಹೇಗಿರುತ್ತದೆ?

ಕಡತ ಕೊಟ್ಟರೆ ನಕಲಿ ಪ್ರತಿ ಹುಟ್ಟುತ್ತದೆ ಎಂಬ ಪ್ರಕಾಶಕರ ಭಯ ನನಗೆ ಅರ್ಥವಾಗುತ್ತದೆ. ಆದರೆ ಕಾನೂನು ಈಗಾಗಲೇ ಒಂದು ನಿಲುವು ತೆಗೆದುಕೊಂಡಿದೆ. 2012ರ ಹಕ್ಕುಸ್ವಾಮ್ಯ ತಿದ್ದುಪಡಿಯ ಪ್ರಕಾರ, ಅಂಗವೈಕಲ್ಯವಿರುವವರಿಗಾಗಿ ಪುಸ್ತಕವನ್ನು ಅವರು ಓದಬಲ್ಲ ರೂಪಕ್ಕೆ ತರಲು ಲೇಖಕರ ಅನುಮತಿ ಬೇಕಿಲ್ಲ. 2013ರ ಮರಾಕೆಶ್ ಒಪ್ಪಂದವನ್ನು ಜಗತ್ತಿನಲ್ಲೇ ಮೊದಲು ಅಂಗೀಕರಿಸಿದ ದೇಶ ಭಾರತ, 2014ರಲ್ಲಿ. 2016ರಲ್ಲಿ ‘ಸುಗಮ್ಯ ಪುಸ್ತಕಾಲಯ’ ಎಂಬ ಆನ್‌ಲೈನ್ ಗ್ರಂಥಾಲಯವೂ ಶುರುವಾಯಿತು. ಆದರೆ ಈ ಕಾನೂನು ಕೊಡುವುದು ಪರಿವರ್ತಿಸಿಕೊಳ್ಳುವ ಹಕ್ಕನ್ನು. ಪ್ರಕಾಶಕರ ಕಂಪ್ಯೂಟರಿನಲ್ಲಿರುವ ಕಡತವನ್ನಲ್ಲ. ಹಾಗಾಗಿ ಒಂದು ಪುಸ್ತಕವನ್ನು ಟೈಪ್ ಮಾಡಿ, ಅಚ್ಚು ಹಾಕಿ, ಆ ಅಚ್ಚನ್ನು ಸ್ಕ್ಯಾನ್ ಮಾಡಿ, ಓಸಿಆರ್ ಮಾಡಿ, ತಿದ್ದಿ, ಮತ್ತೆ ಅಕ್ಷರವಾಗಿಸುವ ವಿಚಿತ್ರ ಸುತ್ತು ನಡೆದಿದೆ. ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಹಾಗೆ.

ಬ್ರೈಲ್ ಇದೆಯಲ್ಲ ಎಂದು ಕೇಳುವವರಿದ್ದಾರೆ. ಇದೆ, ಇರಬೇಕು. ಕಾಗುಣಿತವನ್ನು ಬೆರಳಿನಲ್ಲಿ ಕಲಿಯದೆ ಬರೀ ಕಿವಿಯಲ್ಲಿ ಭಾಷೆ ಕಲಿತವರ ಬರವಣಿಗೆ ಸೊರಗುತ್ತದೆ ಎಂಬುದನ್ನು ನಾನು ಒಪ್ಪುತ್ತೇನೆ. 1951ರಲ್ಲಿ ಒಪ್ಪಿತವಾದ ಭಾರತಿ ಬ್ರೈಲ್‌ನ ಆರು ಚುಕ್ಕಿಗಳಲ್ಲೇ ನಾನೂ ಅಕ್ಷರ ಕಲಿತದ್ದು. ಆದರೆ ಒಂದು ಕಾದಂಬರಿ ಬ್ರೈಲ್‌ಗೆ ಬಂದರೆ ಹಲವು ದಪ್ಪ ಸಂಪುಟಗಳಾಗುತ್ತವೆ. ಸಂಶೋಧನೆಗೆ ಬೇಕಾದ ನೂರಾರು ಪುಸ್ತಕಗಳನ್ನು ಹಾಗೆ ಇಟ್ಟುಕೊಳ್ಳಲು ಹಾಸ್ಟೆಲಿನ ಕೋಣೆ ಸಾಲದು. ಮತ್ತೆ ಈಗ ಬ್ರೈಲ್ ಮುದ್ರಿಸುವ ಯಂತ್ರಕ್ಕೂ ಬೇಕಾದದ್ದು ಯೂನಿಕೋಡ್ ಪಠ್ಯವೇ.

ನನಗೆ ಎಲ್ಲಕ್ಕಿಂತ ಹೆಚ್ಚು ಕಾಡುವುದು ಶಾಸ್ತ್ರೀಯ ಸಂಪಾದನೆಗಳ ಪುಟದ ತಳ. ಕನ್ನಡದ ದೊಡ್ಡ ಸಂಪಾದಕರು ಹತ್ತಾರು ಹಸ್ತಪ್ರತಿಗಳನ್ನು ಹೋಲಿಸಿ ಪಾಠಾಂತರಗಳನ್ನು ಸಣ್ಣ ಅಕ್ಷರದಲ್ಲಿ ಅಲ್ಲಿ ಕೊಟ್ಟಿರುತ್ತಾರೆ. ಓಸಿಆರ್ ಮಾಡಿದರೆ ಪದದ ತಲೆಯ ಮೇಲಿನ ಪುಟ್ಟ ಅಂಕಿ ಪದಕ್ಕೇ ಅಂಟಿಕೊಳ್ಳುತ್ತದೆ, ತಳದ ಟಿಪ್ಪಣಿಗಳು ಪದ್ಯದ ಬಾಲವಾಗುತ್ತವೆ, ಹಸ್ತಪ್ರತಿಗಳ ಹೆಸರಿಗೆ ಕೊಟ್ಟ ಒಂದೊಂದಕ್ಷರದ ಸಂಕೇತಗಳು ಅರ್ಥವಿಲ್ಲದ ತೊದಲಾಗುತ್ತವೆ. ಕಾವ್ಯ ಹೇಗೋ ಕೈಗೆ ಸಿಗುತ್ತದೆ. ಆ ಕಾವ್ಯದ ಬಗ್ಗೆ ಸಂಪಾದಕರೊಂದಿಗೆ ಜಗಳವಾಡಲು ಬೇಕಾದ ಸಾಮಗ್ರಿ ಸಿಗುವುದಿಲ್ಲ. ರಸಿಕಳಾಗಲು ನನಗೆ ಅಡ್ಡಿಯಿಲ್ಲ, ವಿಮರ್ಶಕಿಯಾಗಲು ಇದೆ. ಹೊಸದಾಗಿ ಹಳಗನ್ನಡ, ನಡುಗನ್ನಡ ಕೃತಿಗಳನ್ನು ಸಂಪಾದಿಸುತ್ತಿರುವವರಲ್ಲಿ ನನ್ನದೊಂದು ಸಣ್ಣ ಕೋರಿಕೆ ಇದೆ. ವರ್ಡ್‌ನಲ್ಲಿ ಅಡಿಟಿಪ್ಪಣಿ ಸೇರಿಸಲೆಂದೇ ಒಂದು ಸೌಲಭ್ಯವಿದೆ. ಅಂಕಿಯನ್ನು ಕೈಯಿಂದ ಚಿಕ್ಕದು ಮಾಡಿ ಮೇಲಕ್ಕೆ ಎತ್ತಿ ಕೂರಿಸುವ ಬದಲು ಅದನ್ನೇ ಬಳಸಿದರೆ, ಸ್ಕ್ರೀನ್ ರೀಡರ್ ಇಲ್ಲೊಂದು ಅಡಿಟಿಪ್ಪಣಿ ಇದೆ ಎಂದು ಪದದ ಬಳಿಯಲ್ಲೇ ಹೇಳುತ್ತದೆ. ಒಂದೆರಡು ಕೀಲಿ ಒತ್ತಿ ನಾನು ಪಾಠಾಂತರಕ್ಕೆ ಹೋಗಬಹುದು, ಅದನ್ನು ಕೇಳಿ, ಮತ್ತೆ ಅದೇ ಸಾಲಿಗೆ ಮರಳಬಹುದು. ಮಾತ್ರೆ ಎಣಿಸಿ ನೋಡಿ, ಸಂಪಾದಕರು ಪುಟದ ತಳಕ್ಕೆ ತಳ್ಳಿದ ಪಾಠವೇ ಸರಿ ಎಂದು ವಾದಿಸಲೂಬಹುದು.